ವಯೋಮಿಂಗ್ ಸಂಸ್ಥಾನದ ಸ್ತ್ರೀಯರು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮಭಾಗದಲ್ಲಿ ವಯೋಮಿಂಗ್ ಎಂಬ ಸಂಸ್ಥಾನವಿರುವುದು. ಜನಸಂಖ್ಯೆಯಲ್ಲಿ ಅದು ಆ ದೇಶದ ಸಂಸ್ಥಾನಗಳಲ್ಲೆಲ್ಲ ಅತ್ಯಂತ ಚಿಕ್ಕದು. ಆದರೂ ಸ್ತ್ರೀಯರ ರಾಜಕೀಯ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಅದಕ್ಕೆ ಅಗ್ರಸ್ಥಾನವು ಸಲ್ಲುವುದು. ಹಕ್ಕನ್ನು ಪಡೆಯುವುದು ಒಂದು ಕಾರ್ಯ. ಪಡೆದುದನ್ನು ಆಚರಣೆಯಿಂದ ಉಳಿಸಿಕೊಳ್ಳುವುದು ಮತ್ತೊಂದು. ಎರಡನೆಯದು ಮೊದಲನೆಯದಕ್ಕಿಂತ ಸುಲಭವಲ್ಲವೆಂಬುದಕ್ಕೆ ಆ ನಾಡಿನ ಸ್ತ್ರೀಯರ ವೃತ್ತಾಂತವೇ ಸಾಕ್ಷಿ.

1868ರಲ್ಲಿ ವಯೋಮಿಂಗು ಪ್ರತ್ಯೇಕ ಪ್ರಾಂತವಾಯಿತು. ಪೂರ್ಣ ಸಂಸ್ಥಾನದ ಪದವಿಯು ಅದಕ್ಕಿನ್ನೂ ದೊರೆತಿರಲಿಲ್ಲ. ರೈಲುದಾರಿಯ ಕೆಲಸಕ್ಕೂ ಚಿನ್ನದ ಆಸೆಗೂ ಬಂದು ನೆಲೆಸಿದವರಲ್ಲಿ ಪುರುಷರೇ ಬಹಳ. ಮರುವರ್ಷ ಷಯೆನ್ ನಗರದಲ್ಲಿ ಕೂಡಿದ ಮೊದಲನೆಯ ಶಾಸನಸಭೆಯಲ್ಲಿ ವಿಲಿಯಂ ಬ್ರೈಟ್ ಎಂಬಾತನು, ಇಪ್ಪತ್ತೊಂದು ವರ್ಷ ತುಂಬಿದ ಸ್ತ್ರೀಯರಿಗೆ ಮತದಾನದ ಹಕ್ಕನ್ನೂ ಅಧಿಕಾರಸ್ಥಾನಗಳ ಅರ್ಹತೆಯನ್ನೂ ಕೊಡಬೇಕೆಂದು ಮಸೂದೆಯನ್ನು ತಂದನು. ಸಮ್ಮತಿಯಿತ್ತವರ ಉದ್ದೇಶಗಳು ಏಕರೂಪವಾಗಿರಲಿಲ್ಲ. ಕೆಲವರಿಗೆ ನ್ಯಾಯಬುದ್ಧಿ, ಕೆಲವರಿಗೆ ಕುಟುಂಬಸ್ಥರು ಬಂದು ನೆಲೆಸುವರೆಂಬ ಆಸೆ, ಮತ್ತೆ ಕೆಲವರಿಗೆ ಪ್ರತಿಪಕ್ಷದವನಾದ ಗವರ್ನರನನ್ನು ಇಕ್ಕಟ್ಟಿಗೆ ಸಿಕ್ಕಿಸುವ ವಿನೋದ. ಆದರೆ ಗವರ್ನರ್ ಕ್ಯಾಂಪ್‌ಬೆಲ್ಲನು 1869ರ ಡಿಸೆಂಬರ್ 10ರಂದು ಅದಕ್ಕೆ ಅಂಕಿತವನ್ನು ಹಾಕಿಯೇ ಬಿಟ್ಟನು.

ವಿನೋದವು ಮುಗಿದಲ್ಲಿ ಕಾರ್ಯವು ಮೊದಲಾಯಿತು. 1870ರ ಫೆಬ್ರವರಿಯಲ್ಲಿ ಸೌತ್ ಪಾಸ್ ಸಿಟಿ ಎಂಬ ಗಣಿಯೂರಿಗೆ ಎಸ್ತರ್ ಮಾರಿಸ್ ಎಂಬಾಕೆಯು ನ್ಯಾಯಾಧಿಕಾರಿಯಾಗಿ ನೇಮಕಗೊಂಡಳು. ಆಕೆಗೆ ಕಾನೂನಿನ ಶಿಕ್ಷಣವಿರಲಿಲ್ಲ, ವಿವೇಕವಿದ್ದಿತು. ಎಂಟು ತಿಂಗಳಿಗೂ ಹೆಚ್ಚು ಕಾಲ ಆ ಒರಟು ಜನರ ನಡುವೆ ಇಪ್ಪತ್ತಕ್ಕೂ ಹೆಚ್ಚು ವ್ಯಾಜ್ಯಗಳನ್ನು ವಿಚಾರಿಸಿದಳು. ಮಾರ್ಚಿಯಲ್ಲಿ ಲಾರಮಿ ಪಟ್ಟಣದ ಸ್ತ್ರೀಯರು ಜೂರಿಯಲ್ಲಿ ಕುಳಿತರು. ಸೆಪ್ಟೆಂಬರ್ 6ರಂದು ಅದೇ ಊರಿನಲ್ಲಿ ಅರುವತ್ತೊಂಬತ್ತು ವಯಸ್ಸಿನ ಲೂಯಿಸಾ ಸ್ವೇನ್ ಎಂಬ ವೃದ್ಧೆಯು ಈ ಶಾಸನದ ಮೇರೆಗೆ ಮೊದಲನೆಯ ಮತವನ್ನು ಕೊಟ್ಟಳು.

ಕೊಟ್ಟವರಿಗೆ ಬೇಗನೆ ಪಶ್ಚಾತ್ತಾಪವಾಯಿತು. 1871ರ ಶಾಸನಸಭೆಯು ಹಕ್ಕನ್ನು ರದ್ದುಮಾಡಲು ನಿರ್ಣಯಿಸಿತು. ಗವರ್ನರನು ನಿಷೇಧಿಸಿದನು, ಆ ನಿಷೇಧವನ್ನು ಮೀರಲು ಮೇಲ್ಮನೆಯಲ್ಲಿ ಒಂದೇ ಒಂದು ಮತವು ಕಡಮೆಯಾಯಿತು! ಹೀಗೆ ಮತದಾನವು ಉಳಿಯಿತು. ಆದರೆ ಜೂರಿಯ ಸ್ಥಾನವು ಅದೇ ಕಾಲದಲ್ಲಿ ಕೈಬಿಟ್ಟಿತು. ಅದನ್ನು ಮರಳಿ ಪಡೆಯಲು ಸುಮಾರು ಎಂಭತ್ತು ವರ್ಷಗಳು ಹಿಡಿದುವು.

1890ರಲ್ಲಿ ವಯೋಮಿಂಗು ಸ್ತ್ರೀಯರ ಮತದಾನವನ್ನು ತನ್ನ ರಾಜ್ಯಾಂಗದಲ್ಲಿಯೇ ಬರೆದುಕೊಂಡು ಪೂರ್ಣ ಸಂಸ್ಥಾನವಾಯಿತು. 1894ರಲ್ಲಿ ಎಸ್ಟೆಲ್ ರೀಲ್ ಎಂಬ ಉಪಾಧ್ಯಾಯಿನಿಯು ಸಂಸ್ಥಾನದ ವಿದ್ಯಾಭ್ಯಾಸದ ಮುಖ್ಯಾಧಿಕಾರಿಯಾಗಿ ಚುನಾಯಿತಳಾದಳು. 1924ರಲ್ಲಿ ಗವರ್ನರನಾಗಿದ್ದ ಪತಿಯು ಮೃತನಾಗಲು ನೆಲಿ ಟೇಲೋ ರಾಸ್ ಎಂಬಾಕೆಯನ್ನು ಜನರು ಆರಿಸಿದರು. 1925ರ ಜನವರಿ 5ರಂದು ಅಧಿಕಾರವನ್ನು ವಹಿಸಿಕೊಂಡ ಆಕೆಯೇ ಆ ದೇಶದ ಮೊದಲನೆಯ ಸ್ತ್ರೀ ಗವರ್ನರು. ಮರುಚುನಾವಣೆಯಲ್ಲಿ ಸೋತರೂ 1933ರಿಂದ 1953ರವರೆಗೆ ದೇಶದ ಟಂಕಸಾಲೆಗಳ ಮುಖ್ಯಾಧಿಕಾರಿಯಾಗಿದ್ದಳು.

ಈ ಕೀರ್ತಿಯೊಡನೆ ಒಂದು ನ್ಯೂನತೆಯನ್ನೂ ಹೇಳತಕ್ಕದ್ದು. ಆ ಮಣ್ಣಿನ ಮೂಲನಿವಾಸಿಗಳೆಲ್ಲರಿಗೂ ದೇಶದ ಪೌರತ್ವವು ದೊರೆತುದೇ 1924ರಲ್ಲಿ. ಅಲ್ಲಿಯವರೆಗೆ ಆ ಕುಲಗಳ ಬಹುಮಂದಿ ಸ್ತ್ರೀಯರು ಈ ಹಕ್ಕಿನ ಹೊರಗೇ ಉಳಿದಿದ್ದರು. ಒಂದು ಮತದ ಅಂತರದಲ್ಲಿ ಉಳಿದುದು ಲೋಕಕ್ಕೆ ದಾರಿಯನ್ನು ತೋರಿಸಿತು. ಆದರೆ ಆ ದಾರಿಯಲ್ಲಿ ಎಲ್ಲರೂ ಒಟ್ಟಿಗೆ ನಡೆಯಲಿಲ್ಲ.