ಲಾರಿಯ ಸೆಲ್ಫ್ ಪದೇ ಪದೇ ಕೈಕೊಟ್ಟರೆ: ದೋಷ ಪತ್ತೆ ಹೇಗೆ?

ಹಾನಗಲ್ ಭಾಗದಲ್ಲಿ ಮಾವಿನ ಸುಗ್ಗಿಯ ವೇಳೆ ಹಣ್ಣು ತುಂಬಿದ ಲಾರಿ ಚಾಲೂ ಆಗದೆ ನಿಂತರೆ ಚಾಲಕನಿಗಷ್ಟೇ ಅಲ್ಲ, ಬೆಳೆಗಾರನಿಗೂ ನಷ್ಟ. ಇಂತಹ ಸಂದರ್ಭದಲ್ಲಿ ಮೊದಲ ಸಂಶಯ ‘ಸೆಲ್ಫ್’ ಎನ್ನಲಾಗುವ ಸ್ಟಾರ್ಟರ್ ಮೋಟರಿನ ಮೇಲೆ. ಆದರೆ ಹೊಸ ಸೆಲ್ಫ್ ಹಾಕಿದ ಮೇಲೂ ತೊಂದರೆ ಮರುಕಳಿಸಿದರೆ ದೋಷ ಬೇರೆಡೆ ಇರುವ ಸಾಧ್ಯತೆ ಹೆಚ್ಚು.

ಬ್ಯಾಟರಿ: ಭಾರಿ ಲಾರಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯಲಾಗುತ್ತದೆ. ಪೂರ್ಣ ಚಾರ್ಜ್ ಆದ ಬ್ಯಾಟರಿ, ಲಾರಿ ಕೆಲ ಗಂಟೆ ನಿಂತ ಬಳಿಕ, ಸುಮಾರು 12.6 ವೋಲ್ಟ್ ತೋರಿಸಬೇಕು. ಎರಡನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಒಂದು ದುರ್ಬಲವಾದರೂ ಸೆಲ್ಫ್ ಎಳೆಯುವುದಿಲ್ಲ.

ತಂತಿ: ಕೀಲಿ ತಿರುಗಿಸಿದಾಗ ‘ಟಕ್’ ಸದ್ದು ಮಾತ್ರ ಬಂದರೆ ಟರ್ಮಿನಲ್‌ಗಳ ಸಡಿಲಿಕೆ, ಕಿಲುಬು ಪರಿಶೀಲಿಸಬೇಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೈನಸ್ ತುದಿ ಹಾಗೂ ಎಂಜಿನ್ ಮೈ ನಡುವೆ ಮಲ್ಟಿಮೀಟರ್ 1 ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ಥ್ ತಂತಿಯೇ ದೋಷಿ. ಮಳೆಗಾಲದ ತೇವದಲ್ಲಿ ಚಾಸಿಗೆ ಬಿಗಿದ ಬೋಲ್ಟ್ ತುಕ್ಕು ಹಿಡಿಯುವುದು ಇದಕ್ಕೆ ಸಾಮಾನ್ಯ ಕಾರಣ.

ಚಾರ್ಜಿಂಗ್: ಎಂಜಿನ್ ಓಡುವಾಗ ಒಟ್ಟು ಸುಮಾರು 28 ವೋಲ್ಟ್ ಇರಬೇಕು. ಕಡಿಮೆಯಿದ್ದರೆ ಮೊದಲು ಬೆಲ್ಟ್, ನಂತರ ಆಲ್ಟರ್ನೇಟರ್ ನೋಡಬೇಕು. ಚಾರ್ಜಿಂಗ್ ಸರಿಯಿದ್ದೂ ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಟರಿ ಇಳಿದರೆ, ನಂತರ ಅಳವಡಿಸಿದ ಅಲಂಕಾರಿಕ ದೀಪ, ಟೇಪ್‌ರೆಕಾರ್ಡರ್‌ಗಳ ವೈರಿಂಗ್ ತಪಾಸಣೆ ಅಗತ್ಯ.

ಎಚ್ಚರಿಕೆ: ಪರೀಕ್ಷೆಗೆ ಮುನ್ನ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡೆ ಇಡಬೇಕು. ತಂತಿ ಬಿಚ್ಚುವಾಗ ಮೈನಸ್ ತುದಿಯೇ ಮೊದಲು. ಫ್ಯೂಸ್ ಬದಲು ಬರಿ ತಂತಿ ಸುತ್ತುವುದರಿಂದ ಲಾರಿಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.