ಮರಳಿ ಕಟ್ಟಿದ ಬೆಳ್ಳಿಯ ಬಾಣ

ಕೈತಪ್ಪಿದ ವಸ್ತುವೊಂದನ್ನು ಮತ್ತೆ ಹಾಗೆಯೇ ಮಾಡಿಟ್ಟರೆ ಅದರ ಚರಿತ್ರೆಯೂ ಮರಳಿ ಬರುತ್ತದೆಯೇ? ಲಾಟ್ವಿಯಾ ದೇಶದ ರಾಜಧಾನಿ ರೀಗಾದ ಮೋಟಾರು ವಸ್ತುಸಂಗ್ರಹಾಲಯದ ಒಂದು ಪಂದ್ಯದ ಕಾರು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಬೆಳ್ಳಿಬಣ್ಣದ, ಚಕ್ರಗಳಿಗೆ ಮುಚ್ಚಿಗೆಯಿಲ್ಲದ, ಒಬ್ಬನೇ ಕೂರಬಲ್ಲ ಈ ಕಾರು ನೋಡಲು 1939ರದ್ದು. ಆದರೆ ಅದು ರೂಪುಗೊಂಡದ್ದು ದಶಕಗಳ ನಂತರ, ಇಂಗ್ಲೆಂಡಿನ ಕುಶಲಕರ್ಮಿಗಳ ಕೈಯಲ್ಲಿ.

ಇದರ ಮೂಲ ಜರ್ಮನಿಯಲ್ಲಿದೆ. 1932ರಲ್ಲಿ ಆಡಿ, ಡಿ.ಕೆ.ಡಬ್ಲ್ಯೂ., ಹೋರ್ಶ್, ವಾಂಡರರ್ ಎಂಬ ನಾಲ್ಕು ಸಂಸ್ಥೆಗಳು ಒಂದುಗೂಡಿ 'ಆಟೋ ಯೂನಿಯನ್' ಆದವು. ಇಂದಿಗೂ ಆಡಿ ಕಾರುಗಳ ಮೇಲೆ ಕಾಣುವ ನಾಲ್ಕು ಉಂಗುರಗಳು ಆ ಕೂಟದ ಗುರುತು. 1934ರಲ್ಲಿ ಪಂದ್ಯದ ಕಾರುಗಳ ತೂಕ 750 ಕಿಲೋಗ್ರಾಂ ಮೀರಬಾರದೆಂಬ ನಿಯಮ ಬಂದಾಗ, ಫರ್ಡಿನಾಂಡ್ ಪೋರ್ಶೆಯವರು ಎಂಜಿನನ್ನು ಚಾಲಕನ ಬೆನ್ನ ಹಿಂದಿರಿಸಿ ಹೊಸ ಕಾರನ್ನು ರೂಪಿಸಿದರು. 1936ರ ಮಾದರಿಯಲ್ಲಿ 16 ಸಿಲಿಂಡರುಗಳ, 6 ಲೀಟರಿನ ಎಂಜಿನ್. ಅದರ ಬಲ ಸುಮಾರು 520 ಅಶ್ವಶಕ್ತಿ. ಅದನ್ನೋಡಿಸಿ ಬರ್ನ್ಡ್ ರೋಸ್‌ಮೇಯರ್ ಆ ವರ್ಷ ಯುರೋಪಿನ ಚಾಂಪಿಯನ್ ಆದರು. 1938ರ ಜನವರಿ 28ರಂದು ವೇಗದ ದಾಖಲೆಯ ಯತ್ನದಲ್ಲಿ ಹೆದ್ದಾರಿಯಲ್ಲೇ ಪ್ರಾಣ ತೆತ್ತರು. ಈ ವೇಗದ ಹಿಂದೆ ನಾಟ್ಸಿ ಸರ್ಕಾರದ ಹಣವೂ ಇತ್ತು. ಪ್ರತಿಯೊಂದು ಗೆಲುವನ್ನೂ ಅದು ತನ್ನ ಪ್ರಚಾರಕ್ಕೆ ಬಳಸಿಕೊಂಡಿತು.

ಯುದ್ಧ ಮುಗಿದ ಬಳಿಕ ಪೂರ್ವ ಜರ್ಮನಿಯ ತ್ಸ್ವಿಕಾವ್ ಸೋವಿಯತ್ ಪಡೆಗಳ ವಶಕ್ಕೆ ಬಂತು. ಅಲ್ಲಿದ್ದ ಪಂದ್ಯದ ಕಾರುಗಳು ಯುದ್ಧಪರಿಹಾರವಾಗಿ ಸೋವಿಯತ್ ದೇಶಕ್ಕೆ ಹೋದವು. ಬಹುಪಾಲು ಮತ್ತೆ ಕಾಣಲಿಲ್ಲ. ಬೆಟ್ಟವೇರುವ ಪಂದ್ಯಗಳಿಗೆಂದು 1939ರಲ್ಲಿ ಮಾಡಿದ್ದ, ಹಿಂದೆ ಜೋಡಿ ಚಕ್ರಗಳಿರುವ ಒಂದು ಕಾರು ಮಾತ್ರ ಮಾಸ್ಕೋದ ಕಾರ್ಖಾನೆಯೊಂದರಲ್ಲಿ ಉಳಿದಿತ್ತು. 1970ರ ದಶಕದಲ್ಲಿ ಅದನ್ನು ಗುಜರಿಗೆ ಹಾಕಲಿದ್ದರು. ಸುದ್ದಿ ತಿಳಿದ ಲಾಟ್ವಿಯಾದ ಹಳೆಯ ಕಾರುಗಳ ಅಭಿಮಾನಿ ವಿಕ್ಟೋರ್ಸ್ ಕುಲ್ಬೆರ್ಗ್ಸ್ ಅದನ್ನು ಕಾಪಾಡಿ ರೀಗಾಕ್ಕೆ ತಂದರು.

ಸೋವಿಯತ್ ಒಕ್ಕೂಟ ಕುಸಿದ ಬಳಿಕ ಆಡಿ ಸಂಸ್ಥೆಗೂ ರೀಗಾದವರಿಗೂ ಒಪ್ಪಂದವಾಯಿತು. ಇಂಗ್ಲೆಂಡಿನ ಸಸೆಕ್ಸ್ ಸೀಮೆಯ 'ಕ್ರಾಸ್ತ್‌ವೇಟ್ ಅಂಡ್ ಗಾರ್ಡಿನರ್' ಕಾರ್ಯಾಗಾರ ಮೂಲ ಕಾರನ್ನು ಸರಿಪಡಿಸಿ, ಅದರಂತೆಯೇ ಇನ್ನೊಂದನ್ನು ಕಟ್ಟಿತು. ಮೂಲ ಜರ್ಮನಿಗೆ ಮರಳಿತು, ಪ್ರತಿರೂಪ ರೀಗಾದಲ್ಲಿ ನಿಂತಿತು. ಇಂಥ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕೆಂದು ಯೋಚಿಸಿರಿ. ಯಾವ ಅಂಗಡಿಯಲ್ಲೂ ಬಿಡಿಭಾಗ ಸಿಗದು. ಪ್ರತಿಯೊಂದು ಭಾಗವನ್ನೂ ಬಿಚ್ಚಿ ಅಳೆಯಬೇಕು, ಅಚ್ಚು ಮಾಡಿ ಎರಕ ಹೊಯ್ಯಬೇಕು, ಅಲ್ಯೂಮಿನಿಯಂ ತಗಡನ್ನು ಕೈಯಿಂದಲೇ ಬಡಿದು ಬಾಗಿಸಬೇಕು. ಹಿಂದಿನವರು ಒಂದು ತಿರುವನ್ನು ಏಕೆ ಹಾಗೆ ಕೊಟ್ಟರೆಂಬುದು ಆ ತಗಡನ್ನು ತಾನೇ ಬಡಿಯುವಾಗ ಮಾತ್ರ ತಿಳಿಯುತ್ತದೆ. ನಕಲು ಮಾಡುವವನೂ ಹೀಗೆ ಶಿಷ್ಯನಾಗುತ್ತಾನೆ.

ಆದರೆ ಕೈಗೆ ಸಿಕ್ಕುವುದಷ್ಟೇ ಚರಿತ್ರೆಯಲ್ಲ. 2014ರಲ್ಲಿ, ಆಡಿ ಸಂಸ್ಥೆ ತಾನೇ ಕೇಳಿಕೊಂಡು ಇತಿಹಾಸಕಾರರಿಂದ ಮಾಡಿಸಿದ ಅಧ್ಯಯನವೊಂದು ಪ್ರಕಟವಾಯಿತು. ಯುದ್ಧಕಾಲದಲ್ಲಿ ಆಟೋ ಯೂನಿಯನ್ ಕಾರ್ಖಾನೆಗಳಿಗೆ ಯಾತನಾಶಿಬಿರಗಳ 3,700ಕ್ಕೂ ಹೆಚ್ಚು ಬಂದಿಗಳನ್ನು ದುಡಿಸಲಾಗಿತ್ತು. ಬಲವಂತದ ದುಡಿಮೆಗೆ ತಂದ ಇತರರು ಸುಮಾರು 16,500 ಮಂದಿ. ಇಂದಿನ ಚೆಕ್ ದೇಶದಲ್ಲಿರುವ ಲೈಟ್‌ಮೆರಿಟ್ಸ್ ಶಿಬಿರದಲ್ಲಿ ಸಂಸ್ಥೆಯ ಸಲುವಾಗಿ ದುಡಿದು ಸತ್ತವರು ಸುಮಾರು 4,500. ಆ ಸಾವುಗಳ ನೈತಿಕ ಹೊಣೆ ಸಂಸ್ಥೆಯದೇ ಎಂದು ಅಧ್ಯಯನ ಹೇಳಿತು.

ಪಂದ್ಯದ ಕಾರುಗಳನ್ನು ಈ ಬಂದಿಗಳು ಕಟ್ಟಿದವರಲ್ಲ, ನಿಜ. ಆದರೂ ಉಂಗುರಗಳು ಅವೇ ನಾಲ್ಕು. ಒಡೆದ ಎಂಜಿನನ್ನು ಎರಕ ಹೊಯ್ದು ಮರಳಿ ಪಡೆಯಬಹುದು. ಆ 4,500 ಜನರಲ್ಲಿ ಒಬ್ಬನನ್ನೂ ಯಾವ ಕುಶಲಕರ್ಮಿಯೂ ಮರಳಿ ತರಲಾರ. ಅವರಿಗಾಗಿ ನಮ್ಮ ಕೈಲಾಗುವುದು ಸತ್ಯವನ್ನು ಮರೆಮಾಚದೆ ನೆನೆಯುವುದೊಂದೇ.

ಆದುದರಿಂದ, ಓದುಗರೇ, ಎಲ್ಲಿಯಾದರೂ ಹಿಂದಿನ ಕಾಲದ ಸುಂದರ ವಸ್ತುವೊಂದರ ಎದುರು ನಿಂತಾಗ ಅದನ್ನು ಮಾಡಿದ ಕೈಗಳನ್ನು ಮೆಚ್ಚಿಕೊಳ್ಳಿರಿ. ಮಕ್ಕಳು ಜೊತೆಗಿದ್ದರೆ, ಅದರ ನೆರಳಲ್ಲಿ ನೊಂದವರ ಕಥೆಯನ್ನೂ ಅವರಿಗೆ ಹೇಳಿರಿ.