ಮಗುವಿನ ಊರು ಯಾವುದು?

ಶಕ್ತಿನಗರದ ಪಕ್ಕದಲ್ಲೇ ಕೃಷ್ಣಾ ನದಿ. ದೇವಸೂಗೂರಿನ ಸೇತುವೆ ದಾಟಿದರೆ ತೆಲಂಗಾಣ. ಬಸ್ಸಿನಲ್ಲಿ ಕೂತವರಿಗೆ ಇದು ಬರೀ ಒಂದು ಸೇತುವೆ. 1956ಕ್ಕಿಂತ ಮುಂಚೆ ನದಿಯ ಎರಡೂ ದಂಡೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು, ಹಂಗಾಗಿ ಬೀಗತನ ಇವತ್ತಿಗೂ ಆಚೀಚೆ ನಡೀತದೆ. ಆದರೆ ಗಂಡ ಹೆಂಡತಿ ಬೇರೆಯಾಗಿ, ಮಗು ಯಾರ ಹತ್ತಿರ ಇರಬೇಕು ಅನ್ನೋದು ಕೋರ್ಟಿಗೆ ಹೋಗಿದ್ದರೆ, ಇದೇ ಸೇತುವೆ ದೊಡ್ಡ ಗಡಿ ಆಗ್ತದೆ. ಮಗುವನ್ನು ಕರ್ಕೊಂಡು ತವರಿಗೆ ಹೋಗಬಹುದಾ? ದುಡಿಯೋಕೆ ಬೆಂಗಳೂರಿಗೆ ಹೋಗಬಹುದಾ? ಈ ಪ್ರಶ್ನೆ ಹೊಸದಲ್ಲ ನೋಡ್ರಿ, ಇದಕ್ಕೆ ಬಹಳ ಹಳೇ ಇತಿಹಾಸ ಇದೆ.

ಇದರ ಬಗ್ಗೆ ಸ್ಪಷ್ಟವಾಗಿ ಮಾತಾಡುವ ಒಂದು ಹಳೇ ನಿಯಮ 12ನೇ ಶತಮಾನದ 'ಹಿದಾಯಾ' ಅನ್ನುವ ಹನಫಿ ಕಾನೂನು ಗ್ರಂಥದಲ್ಲಿದೆ. ಮುಸ್ಲಿಮರ ಖಟ್ಲೆಗಳಲ್ಲಿ ನೋಡಲಿಕ್ಕೆ ಅಂತ ಕಂಪನಿ ಸರ್ಕಾರದ ಕಾಲದಲ್ಲಿ, 1791ರಲ್ಲಿ, ಅದರ ಇಂಗ್ಲಿಷ್ ಅನುವಾದ ಬಂತು. ತಲಾಖ್ ಆದ ತಾಯಿ ಮಗುವನ್ನು ದೂರದ ಊರಿಗೆ ಕರ್ಕೊಂಡು ಹೋಗುವಂತಿಲ್ಲ ಅನ್ನುತ್ತೆ ಅದು. ಆದರೆ ತನ್ನ ತವರೂರಿಗೆ, ಅದೂ ನಿಕಾಹ್ ಆದದ್ದು ಅಲ್ಲೇ ಆಗಿದ್ದರೆ, ಹೋಗಬಹುದು. ಇನ್ನೊಂದು ಮಾತೂ ಇದೆ. ತಂದೆ ಹೋಗಿ ಮಗುವನ್ನು ನೋಡಿ ಅದೇ ರಾತ್ರಿ ಮನೆಗೆ ವಾಪಸ್ ಬರುವಷ್ಟು ಹತ್ತಿರದ ಊರಾದರೆ ಯಾವ ಅಡ್ಡಿಯೂ ಇಲ್ಲ. ಅಂದ್ರೆ ದೂರ ಅಳೆಯಲು ಆಗ ಇದ್ದ ಅಳತೆಗೋಲು ತಂದೆಯ ಒಂದು ದಿನದ ಪ್ರಯಾಣ.

ಬ್ರಿಟಿಷರು ಬಂದು ಅಳತೆಗೋಲು ಬದಲಾಯಿಸಿದರು. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ 26ನೇ ಕಲಂ ಪ್ರಕಾರ, ಕೋರ್ಟು ನೇಮಿಸಿದ ಪಾಲಕರು ಅದೇ ಕೋರ್ಟಿನ ಅನುಮತಿ ಇಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಕರ್ಕೊಂಡು ಹೋಗುವಂತಿಲ್ಲ. ಕೋರ್ಟಿನ ಕೈ ತಪ್ಪಿಸಲು ಹಾಗೆ ಮಾಡಿದರೆ, 44ನೇ ಕಲಂ ಕೆಳಗೆ 1,000 ರೂಪಾಯಿವರೆಗೆ ದಂಡ ಇಲ್ಲವೇ ಆರು ತಿಂಗಳವರೆಗೆ ಸಿವಿಲ್ ಜೈಲು. ದಂಡದ ಮೊತ್ತ ಇವತ್ತಿಗೂ ಅಷ್ಟೇ! 1890ರಲ್ಲಿ ಸಾವಿರ ರೂಪಾಯಿ ಅಂದ್ರೆ ಒಂದು ಆಸ್ತಿ, ಈಗ ಬೆಂಗಳೂರಿಗೆ ಹೋಗಿಬರುವ ಖರ್ಚು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಹಳೇ ಕೋಡ್, ಯಾರೂ ಮುಟ್ಟಿಲ್ಲ, ಆದರೂ ಓಡ್ತಾ ಇದೆ.

ಈ ನಿಯಮ ಕೋರ್ಟು ನೇಮಿಸಿದ ಪಾಲಕರಿಗೆ ಮಾತ್ರ ಅನ್ನೋದನ್ನು ಗಮನಿಸಬೇಕು. ಯಾವ ಆದೇಶವೂ ಇಲ್ಲದಿರುವಾಗ ಹೆತ್ತವರು ಊರು ಬದಲಿಸುವ ಬಗ್ಗೆ ಕಾಯ್ದೆ ಬಾಯಿ ಬಿಡಲ್ಲ. ಆಗ ಕೆಲಸಕ್ಕೆ ಬರೋದು 9ನೇ ಕಲಂ. ಮಗು 'ಸಾಮಾನ್ಯವಾಗಿ ವಾಸಿಸುವ' ಊರಿನ ಜಿಲ್ಲಾ ಕೋರ್ಟಿನಲ್ಲೇ ಅರ್ಜಿ ಹಾಕಬೇಕು. ಹಂಗಾದ್ರೆ ಮಗುವಿನ ಊರು ಯಾವುದು? ನಮ್ಮ ಕಡೆ ಯಾರಾದ್ರೂ ಸಿಕ್ಕರೆ ಮೊದಲು ಕೇಳೋ ಮಾತೇ 'ಯಾವೂರು ನಿಮ್ದು?' ಅಂತ. ಕೋರ್ಟಿನ ಮೊದಲ ಪ್ರಶ್ನೆಯೂ ಅದೇ. ಆದರೆ ಅಲ್ಲಿ ಅಪ್ಪನ ಊರು, ಅಜ್ಜನ ಊರು ಅನ್ನೋ ಉತ್ತರ ನಡೆಯಲ್ಲ.

1956 ನಮಗೆ ಮುಖ್ಯವಾದ ವರ್ಷ. ಆಗಸ್ಟ್ 25ಕ್ಕೆ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆಗೆ ಅಂಕಿತ ಬಿತ್ತು. ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ಕೃಷ್ಣೆ ರಾಜ್ಯದ ಗಡಿಯಾದಳು. ಹೊಸ ಕಾಯ್ದೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂದಿತು, ಆದರೆ ಸಹಜ ಪಾಲಕ ತಂದೆ, ತಾಯಿ ಏನಿದ್ದರೂ 'ಆತನ ನಂತರ' ಅಂತ ಬರೆಯಿತು. ಅಂದ್ರೆ ಮಗುವನ್ನು ಸಾಕೋದು ಅವ್ವ, ಸಹಿ ಹಾಕೋದು ಅಪ್ಪ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೋದಾಗ ರಿಸರ್ವ್ ಬ್ಯಾಂಕು ತಂದೆಯ ಸಹಿ ಕೇಳಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರಲ್ಲಿ ತೀರ್ಪು ಬಂತು: 'ನಂತರ' ಅಂದ್ರೆ ತಂದೆ ಸತ್ತ ಮೇಲೆ ಅಂತಲ್ಲ, ತಂದೆ ಹೊಣೆ ಹೊರದಿರುವಾಗ ಅಂತಲೂ ಅರ್ಥ.

ಆಮೇಲೆ ಸಾಫ್ಟ್‌ವೇರ್ ಕಾಲ ಬಂತು, ಕನ್ನಡದ ಮಕ್ಕಳು ಅಮೆರಿಕದಲ್ಲಿ ಹುಟ್ಟತೊಡಗಿದರು. ದೇಶ ದಾಟಿಸಿದ ಮಗುವನ್ನು ಬೇಗ ವಾಪಸ್ ಕಳಿಸಲು 1980ರ ಹೇಗ್ ಒಪ್ಪಂದ ಇದೆ, ಆದರೆ ಭಾರತ ಅದಕ್ಕೆ ಸೇರಿಲ್ಲ. ಹಾಗಾಗಿ ನಮ್ಮಲ್ಲಿ ಒಂದೊಂದು ಮಗುವಿಗೆ ಒಂದೊಂದು ತೀರ್ಪು. 2017ರಲ್ಲಿ, ಇಂಗ್ಲೆಂಡಿನಿಂದ ತಾಯಿ ಕರೆತಂದ, ಹೃದಯದ ತೊಂದರೆಯಿದ್ದ ಹುಡುಗಿ ಇಲ್ಲೇ ಇರಲಿ ಅಂದಿತು ಸುಪ್ರೀಂ ಕೋರ್ಟು. ಹೊರದೇಶದ ಕೋರ್ಟಿನ ಆದೇಶ ಪರಿಗಣಿಸಬೇಕಾದ ಹಲವು ಅಂಶಗಳಲ್ಲಿ ಒಂದು, ಅಷ್ಟೇ. 2022ರ ಜುಲೈನಲ್ಲಿ ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ ಉತ್ತರ ಬೇರೆಯಾಯಿತು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಹುಡುಗನನ್ನು ತಾಯಿ 2020ರಲ್ಲಿ ಬೆಂಗಳೂರಿಗೆ ಕರೆತಂದಿದ್ದರು. ಇಲ್ಲಿನ ಹೈಕೋರ್ಟಿನ ಆದೇಶ ಬದಿಗಿಟ್ಟು, ಹುಡುಗ ಅಮೆರಿಕಕ್ಕೆ ಮರಳಬೇಕು ಅಂದಿತು ಸುಪ್ರೀಂ ಕೋರ್ಟು. ಎರಡೂ ಕಡೆ ಕೋರ್ಟು ಕೇಳಿದ್ದು ಒಂದೇ: ಈ ಮಗುವಿನ ಹಿತ ಎಲ್ಲಿದೆ?

ತಂದೆಯ ಪ್ರಯಾಣದಿಂದ ಕೋರ್ಟಿನ ಗಡಿಗೆ, ಅಲ್ಲಿಂದ ಮಗುವಿನ ಹಿತಕ್ಕೆ ಬಂದಿದ್ದೇವೆ. ಒಳ್ಳೆಯದೇ. ಆದರೆ ಈ ಮೂರನೇ ಅಳತೆಗೋಲಿಗೆ ಗುರುತುಗಳೇ ಇಲ್ಲ. ಹಿದಾಯಾ ಓದಿದ ಹೆಣ್ಣುಮಗಳಿಗೆ ತವರಿಗೆ ಹೋಗಬಹುದಾ ಇಲ್ವಾ ಅನ್ನೋದು ಹೊರಡುವ ಮುಂಚೆ ಗೊತ್ತಾಗುತ್ತಿತ್ತು. ಇವತ್ತಿನ ಹೆಣ್ಣುಮಗಳಿಗೆ ಹೋದ ಮೇಲೆ, ಖಟ್ಲೆ ನಡೆದ ಮೇಲೆ ಗೊತ್ತಾಗುತ್ತೆ. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಹೆತ್ತವರ ಸ್ಥಳಾಂತರಕ್ಕೂ ಮಾರ್ಗಸೂಚಿ ಬರೆಯಿತು. ಅದು ಕಾಯ್ದೆ ಆಗಲಿಲ್ಲ.

ದೇವದುರ್ಗ, ಮಾನ್ವಿ ಕಡೆಯಿಂದ ಗುಳೆ ಹೋಗುವ ಹೆಣ್ಣುಮಗಳಿಗೆ ಇದೇ ಕಷ್ಟ. ಗಂಡ ಬಿಟ್ಟಿದ್ದಾನೆ, ಊರಲ್ಲಿ ಕೂಲಿ ಇಲ್ಲ, ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗ್ತಾಳೆ. ವರ್ಷ ಬಿಟ್ಟು ಗಂಡ ಅರ್ಜಿ ಹಾಕಿದರೆ, ಆ ಕೂಸಿನ ಊರು ಮಾನ್ವಿಯೋ, ಬೆಂಗಳೂರಿನ ತಗಡಿನ ಶೆಡ್ಡೋ? ಮಗು ಯಾವ ಅಂಗನವಾಡಿಗೆ ಹೋಗ್ತದೆ, ಲಸಿಕೆ ಎಲ್ಲಿ ಹಾಕಿಸಿದರು, ನೋಡಿಕೊಳ್ಳೋರು ಯಾರು, ಇವೇ ಅಲ್ಲಿ ಸಾಕ್ಷಿ. ಈ ಕಾಗದಗಳನ್ನು ಜೋಪಾನ ಮಾಡಬೇಕು. ಕೋರ್ಟಿನ ಆದೇಶ ಮೊದಲೇ ಇದ್ದರೆ, ಹೊರಡುವ ಮುಂಚೆ ಅನುಮತಿಗೆ ಅರ್ಜಿ ಹಾಕಬೇಕು. 26ನೇ ಕಲಂ ಬರೀ ಬೇಡ ಅನ್ನೋದಿಲ್ಲ, ಕೇಳಿದರೆ ಕೊಡುವ ದಾರಿಯೂ ಅದರಲ್ಲೇ ಇದೆ. ವಕೀಲರಿಗೆ ಕೊಡಲು ದುಡ್ಡಿಲ್ಲದ ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಸಿಗ್ತದೆ. ರಾಯಚೂರಿನಲ್ಲೂ ಇದೆ. ಬಸ್ ಹತ್ತುವ ಮುಂಚೆ ಅಲ್ಲಿಗೆ ಹೋಗಿ ಕೇಳೋದು ಒಳ್ಳೆಯದು.